ಮೊದಲು ಫ್ಯಾನ್ ಆರಿಸಿ

ಕಣ್ಣು ಕೊಡೋದು ಬೇರೆ, ಅಂಗ ಕೊಡೋದು ಬೇರೆ, ದೇಹ ಕೊಡೋದು ಬೇರೆ. ಈ ಮೂರನ್ನು ಜನರಿಗೆ ಬಿಡಿಸಿ ಹೇಳುವುದರಲ್ಲೇ ನಮ್ಮ ಅಪ್ಪಾಜಿಯ ಅರ್ಧ ಆಯುಷ್ಯ ಹೋಯಿತು. ಮದುವೆ ಮನೆ, ಗೃಹಪ್ರವೇಶ, ಬಸ್ ಸ್ಟ್ಯಾಂಡು, ಎಲ್ಲಿ ಯಾರು ಸಿಕ್ಕರೂ ಸರಿ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಪಕ್ಕದವರಿಗೆ "ಸತ್ತ ಆರು ಗಂಟೆ ಒಳಗೆ ಕಣ್ಣು ತೆಗೀಬೇಕ್ರೀ" ಎಂದು ಶುರು ಮಾಡಿದರೆ ಯಾರಿಗೆ ತಾನೇ ಊಟ ಸೇರುತ್ತೆ? ನಮ್ಮ ನೆಂಟರು ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ತಪ್ಪಿಸಿಯೇ ಕೂರುತ್ತಿದ್ದರು.

ಅವರು ಹೇಳುತ್ತಿದ್ದದ್ದು ಇಷ್ಟು. ಸತ್ತವರ ಹೃದಯ, ಕಿಡ್ನಿ, ಲಿವರ್ ಕೊಡಬೇಕಾದರೆ ಆ ಮನುಷ್ಯ ಆಸ್ಪತ್ರೆಯ ಐಸಿಯುನಲ್ಲಿ ಇರಬೇಕು. ಮಿದುಳು ಸತ್ತಿದೆ ಎಂದು ಡಾಕ್ಟರುಗಳು ಪರೀಕ್ಷೆ ಮಾಡಿ ಖಚಿತ ಮಾಡಬೇಕು. ಅದಕ್ಕೆ 1994ರ ಕಾನೂನಿದೆ. ಮನೆಯಲ್ಲಿ ತೀರಿಕೊಂಡವರ ಕಿಡ್ನಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಕಣ್ಣು ಹಾಗಲ್ಲ. ಎಲ್ಲೇ ತೀರಿಕೊಳ್ಳಲಿ, ಆರು ಗಂಟೆಯೊಳಗೆ ತೆಗೆದರೆ ಸಾಕು. ಇನ್ನು ದೇಹದಾನ ಎಂದರೆ ಮೆಡಿಕಲ್ ಕಾಲೇಜಿಗೆ, ಹುಡುಗರು ಓದಿ ಕಲಿಯಲಿ ಅಂತ. ಅದು ನಡೆಯುವುದು 1957ರ ಅಂಗರಚನಾ ಕಾಯ್ದೆಯ ಕೆಳಗೆ.

ಈ ಮೂರರಲ್ಲಿ ಎರಡನ್ನು, ಕಣ್ಣು ಮತ್ತು ದೇಹ ಕೊಡೋದನ್ನು, ಹೋದ ಚಳಿಗಾಲದಲ್ಲಿ ಅಪ್ಪಾಜಿ ತೀರಿಕೊಂಡಾಗ ನಾವು ಅವರಿಗೇ ಮಾಡಿದೆವು. ಆವತ್ತಿನಿಂದ ಗೊತ್ತಿದ್ದವರು, ಗೊತ್ತಿಲ್ಲದವರು ಫೋನ್ ಮಾಡಿ "ಹೇಗೆ ಮಾಡಿದ್ರಿ, ಏನೇನು ಕಾಗದ ಬೇಕು" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅಪ್ಪಾಜಿ ಎಂಥವರು ಅನ್ನೋದು ಗೊತ್ತಿಲ್ಲದೆ ಆ ದಿನ ಅರ್ಥ ಆಗೋದಿಲ್ಲ. ಹಾಗಾಗಿ ಮೊದಲು ಅದು.

ನಮ್ಮದು ದಾವಣಗೆರೆ. ಅಪ್ಪಾಜಿ ಎಲ್‌ಐಸಿಯಲ್ಲಿ ಗುಮಾಸ್ತರಾಗಿದ್ದರು. ಬಡ್ತಿ ಬಂದಾಗ ಬೇರೆ ಊರಿಗೆ ವರ್ಗ ಆಗುತ್ತೆ ಅಂತ ಬೇಡ ಎಂದರು. "ಮಕ್ಕಳ ಸ್ಕೂಲು" ಎಂದು ಆಫೀಸಿನಲ್ಲಿ ಹೇಳಿದರಂತೆ. ಅದು ನಿಜವೇ. ರಕ್ತ ಕೊಡುವವರ ಹೆಸರು ಬರೆದಿಡುತ್ತಿದ್ದ ಡೈರಿಯೂ ಒಂದು ಕಾರಣ ಅಂತ ನನ್ನ ಅನುಮಾನ.

ಶುರುವಾಗಿದ್ದು ಕಣ್ಣಿನ ಕ್ಯಾಂಪಿನಿಂದ. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಪೊರೆ ತೆಗೆಯುತ್ತಿದ್ದ ಕಾಲ ಅದು. ಒಂದೇ ದಿನದಲ್ಲಿ 833 ಆಪರೇಷನ್ ಮಾಡಿ ಗಿನ್ನೆಸ್ ದಾಖಲೆ ಮಾಡಿದವರು ಅವರು. ಅಂಥ ಒಂದು ಕ್ಯಾಂಪಿಗೆ ಅಪ್ಪಾಜಿ ನಮ್ಮಜ್ಜಿಯನ್ನು ಕರೆದುಕೊಂಡು ಹೋಗಿದ್ದರು. ಆಗಿನ್ನೂ ಕಣ್ಣೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಪೊರೆ ತೆಗೆದು, ಪಟ್ಟಿ ಕಟ್ಟಿ, ಅಲುಗಾಡದೆ ಮಲಗಿ ಎನ್ನುತ್ತಿದ್ದರು. ಆಮೇಲೆ ದಪ್ಪ ಗಾಜಿನ ಕನ್ನಡಕ. ಶಾಲೆಯ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದ್ದ ಮುದುಕ ಮುದುಕಿಯರನ್ನು ಒಬ್ಬೊಬ್ಬರನ್ನೇ ಕೈಹಿಡಿದು ಪಾಯಿಖಾನೆಗೆ ಕರೆದೊಯ್ಯಲು ಆಳು ಸಾಲುತ್ತಿರಲಿಲ್ಲವಂತೆ. ಅಜ್ಜಿಯ ಜೊತೆ ಬಂದವರು ಉಳಿದವರ ಕೈಯನ್ನೂ ಹಿಡಿದರು. ಮುಂದಿನ ಕ್ಯಾಂಪಿಗೆ ಕರೆಯದೆಯೇ ಹೋದರು. ದೊಡ್ಡ ನಿರ್ಧಾರ ಅಂತೇನೂ ಇರಲಿಲ್ಲ. ಕೇಳಿದಾಗಲೆಲ್ಲ "ಸುಮ್ನೆ ಕೂತಿದ್ದೆ, ಎದ್ದೆ ಅಷ್ಟೇ" ಎನ್ನುತ್ತಿದ್ದರು.

ಆಮೇಲೆ ರಕ್ತ. ಆಗೆಲ್ಲ ದುಡ್ಡಿಗೆ ರಕ್ತ ಮಾರುವವರು ಆಸ್ಪತ್ರೆಗಳ ಗೇಟಿನ ಹತ್ತಿರವೇ ಇರುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 1998ರಿಂದ ಅದು ನಿಂತಿತು. ನಿಂತಿದ್ದು ಒಳ್ಳೆಯದೇ, ಆದರೆ ಆ ಜಾಗ ತುಂಬುವವರು ಯಾರು? ಅಪ್ಪಾಜಿಯ ಡೈರಿ ದಪ್ಪ ಆಗಿದ್ದು ಆ ವರ್ಷಗಳಲ್ಲಿ. ಎಲ್‌ಐಸಿಯ ಹಳೇ ಡೈರಿ ಅದು, ಮೂಲೆಗಳಿಗೆ ಬಟ್ಟೆ ಅಂಟಿಸಿದ್ದರು. ಒಂದೊಂದು ಗ್ರೂಪಿಗೆ ಒಂದೊಂದು ಭಾಗ. ಹೆಸರು, ಮನೆ ಎಲ್ಲಿ, ತೂಕ ಎಷ್ಟು, ಕೊನೆಗೆ ಕೊಟ್ಟ ತಾರೀಖು. ತಾರೀಖು ಮಾತ್ರ ಪೆನ್ಸಿಲ್ಲಿನಲ್ಲಿ, ಅಳಿಸಿ ಬರೆಯಬೇಕಲ್ಲ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗದೆ ಮತ್ತೆ ಕೊಡುವ ಹಾಗಿಲ್ಲ. ಉತ್ಸಾಹದಲ್ಲಿ ಬೇಗ ಬಂದ ಹುಡುಗರನ್ನು ಬೈದು ಕಳಿಸುತ್ತಿದ್ದರು. ತೂಕ 45 ಕೆಜಿ ಇಲ್ಲದವರಿಗೆ "ಮೊದಲು ನೀನು ಬೆಣ್ಣೆ ದೋಸೆ ತಿನ್ನು, ಆಮೇಲೆ ಬಾ" ಎನ್ನುತ್ತಿದ್ದರು.

ತಲಸ್ಸೀಮಿಯ ಎಂಬ ರಕ್ತದ ಕಾಯಿಲೆ ಇರುವ ಒಂದು ಮಗುವಿಗೆ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕಿತ್ತು. ಪ್ರತಿ ಸಲ ಆ ತಾಯಿ ಗಾಬರಿಯಲ್ಲಿ ಓಡಾಡುವುದನ್ನು ನೋಡಿ ಅಪ್ಪಾಜಿ ಆ ಗ್ರೂಪಿನವರನ್ನೆಲ್ಲ ಗುಡ್ಡೆ ಹಾಕಿ ಸರದಿ ಮಾಡಿದರು. ಯುಗಾದಿಗೆ ಯಾರು, ಶ್ರಾವಣಕ್ಕೆ ಯಾರು, ದೀಪಾವಳಿಗೆ ಯಾರು ಎಂದು ವರ್ಷದ ಮೊದಲೇ ಬರೆದಿಟ್ಟಿರುತ್ತಿದ್ದರು. ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ.

ಕೊರೊನಾ ಕಾಲದಲ್ಲಿ ಅವರಿಗೆ ಎಪ್ಪತ್ತು ದಾಟಿತ್ತು. ಹೊರಗೆ ಬಿಡಲಿಲ್ಲ. ಫೋನ್ ಹಿಡಿದು ಜಗಲಿಯಲ್ಲಿ ಕೂತರು. 2021ರ ಮೇ ತಿಂಗಳಲ್ಲಿ 18 ದಾಟಿದವರಿಗೆಲ್ಲ ಲಸಿಕೆ ಎಂದಾಗ ಅವರ ತಲೆ ಓಡಿದ್ದೇ ಬೇರೆ ಕಡೆ. ಲಸಿಕೆ ಹಾಕಿಸಿಕೊಂಡವರು ಆಗ 14 ದಿನ ರಕ್ತ ಕೊಡುವಂತಿರಲಿಲ್ಲ. ಹುಡುಗರೆಲ್ಲ ಒಟ್ಟಿಗೆ ಲಸಿಕೆಗೆ ಹೋದರೆ ಬ್ಲಡ್ ಬ್ಯಾಂಕ್ ಖಾಲಿ. ಡೈರಿ ತೆಗೆದು ಒಬ್ಬೊಬ್ಬರಿಗೇ "ಮೊದಲು ರಕ್ತ ಕೊಡು, ನಾಳಿದ್ದು ಲಸಿಕೆ ಹಾಕಿಸ್ಕೊ" ಎಂದು ಜೋರು ದನಿಯಲ್ಲಿ ಹೇಳುತ್ತಿದ್ದರು. ಬೀದಿಗೆಲ್ಲ ಕೇಳುತ್ತಿತ್ತು. ಅವರಿಗೆ ಮೆತ್ತಗೆ ಮಾತಾಡೋಕೆ ಬರುತ್ತಿರಲಿಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಇದೆಯಲ್ವಾ? ಸಮಾಜಸೇವೆ ಮಾಡುವವರ ಹೆಂಡತಿ ಮಕ್ಕಳನ್ನು ಕೇಳಿದರೆ ಬಹಳ ಕಡೆ ಈ ಗಾದೆಯೇ ಉತ್ತರ. ಅಂಥವರನ್ನು ಹೊಗಳುವಾಗ "ಮನೆ ಮಠ ಮರೆತು ದುಡಿದರು" ಎನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತೆ. ಅಪ್ಪಾಜಿ ಮನೆ ಮರೆಯಲಿಲ್ಲ. ಬೆಳಿಗ್ಗೆ ತರಕಾರಿ ಹೆಚ್ಚುವುದು ಅವರೇ. ನನಗೆ ಏಳನೇ ಕ್ಲಾಸಿನವರೆಗೆ ಎರಡು ಜಡೆ ಹಾಕಿದ್ದು ಅವರೇ, ಅಮ್ಮ ಹಾಕಿದರೆ ಬಿಗಿ ಎಂದು ಅಳುತ್ತಿದ್ದೆನಂತೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ತಪ್ಪುತ್ತಿರಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಎರಡು ಹೊತ್ತಿನ ಇನ್ಸುಲಿನ್ ಚುಚ್ಚುವುದು ಅವರ ಕೆಲಸ. ಯಾವ ಆಸ್ಪತ್ರೆಯಿಂದ ಯಾರು ಕರೆದರೂ ಆ ಹೊತ್ತಿಗೆ ಮನೆಯಲ್ಲಿರುತ್ತಿದ್ದರು.

ಅವರಿದ್ದ ಸೇವೆಗೆ ನಾವೂ ಹೋಗುತ್ತಿದ್ದೆವು. ಅದೇ ದೊಡ್ಡ ಗುಟ್ಟು ಅನಿಸುತ್ತೆ. ಪಲ್ಸ್ ಪೋಲಿಯೊ ಭಾನುವಾರ ನಮ್ಮ ಮನೆಗೆ ಹಬ್ಬ. 1995ರಲ್ಲಿ ಅದು ಶುರುವಾದಾಗ ನಾನು ಹೈಸ್ಕೂಲು, ತಮ್ಮ ಇನ್ನೂ ಚಿಕ್ಕವನು. ಅಮ್ಮ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿ ಬೂತಿಗೆ ತರುತ್ತಿದ್ದಳು. ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ತಮ್ಮನ ಕೆಲಸ. ಲಸಿಕೆ ಸೀಸೆಯ ಮೇಲೆ ಒಂದು ಪುಟ್ಟ ಚೌಕ ಇರುತ್ತೆ, ಬಿಸಿ ತಾಗಿದಷ್ಟೂ ಕಪ್ಪಾಗುತ್ತೆ. ಅದರ ಸುತ್ತಿನ ವೃತ್ತದಷ್ಟೇ ಕಪ್ಪಾದರೆ ಸೀಸೆ ಎಸೆಯಬೇಕು. ಅದನ್ನು ನೋಡುವುದು ನನ್ನ ಕೆಲಸ. 2011ರ ಜನವರಿಯ ನಂತರ ದೇಶದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೇಸು ಬರಲಿಲ್ಲ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಘೋಷಣೆ ಆದ ದಿನ ಅಪ್ಪಾಜಿ ಪೇಡ ತಂದಿದ್ದರು. ತಮ್ಮನಿಗೆ ಫೋನ್ ಮಾಡಿ "ನಿನ್ನ ಶಾಯಿ ಕೆಲಸ ಮಾಡ್ತಪ್ಪಾ" ಎಂದರು.

ಶಾಲು ಹೊದಿಸಿ ಸನ್ಮಾನ ಮಾಡಿದರೆ ಅವರಿಗೆ ಖುಷಿ ಆಗುತ್ತಿತ್ತು. ಬೇಡ ಬೇಡ ಎನ್ನುವ ನಾಟಕ ಇರಲಿಲ್ಲ. ಪೇಪರಿನಲ್ಲಿ ಫೋಟೋ ಬಂದರೆ ಕತ್ತರಿಸಿ ಇಡುತ್ತಿದ್ದರು. ಆ ಕತ್ತರಿಸಿಟ್ಟ ಕಾಗದಗಳ ನಡುವೆ ಅವರದಲ್ಲದ ಒಂದು ಸುದ್ದಿಯೂ ಇತ್ತು. 2010ರಲ್ಲಿ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನು ತಾವೇ ಛೇದನ ಮಾಡಿ ವಿದ್ಯಾರ್ಥಿಗಳಿಗೆ ತೋರಿಸಿದ ಸುದ್ದಿ. ಹಾಗೆ ಮಾಡಬೇಕು ಎನ್ನುವುದು ಆ ತಂದೆಯ ಆಸೆಯೇ ಆಗಿತ್ತು. ಅದನ್ನು ಓದಿದ ಮೇಲೆ ಅಪ್ಪಾಜಿ ದೇಹದಾನದ ಫಾರ್ಮ್ ತುಂಬಿದರು. ಸಾಕ್ಷಿಗೆ ನಾನು, ತಮ್ಮ ಸಹಿ ಹಾಕಿದೆವು. ಸಾಕ್ಷಿ ಮನೆಯವರೇ ಆಗಲಿ ಎಂದು ಅವರು ಹಟ ಹಿಡಿದಿದ್ದರು. ಯಾಕೆಂದರೆ ಬದುಕಿದ್ದಾಗ ಎಷ್ಟೇ ಬರೆದುಕೊಟ್ಟಿರಲಿ, ಸತ್ತ ಮೇಲೆ ಮನೆಯವರು ಒಲ್ಲೆ ಎಂದರೆ ಮುಗಿಯಿತು. ಕಾಲೇಜಿನವರು ಮನೆಯವರನ್ನು ಮೀರಿ ದೇಹ ಒಯ್ಯುವುದಿಲ್ಲ.

2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗ. ಒಂದೊಂದು ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ. ಆಮೇಲೆ ನಮ್ಮ ಜಗಲಿಗೆ ಹುಡುಗರು ಗುಂಪುಗುಂಪಾಗಿ ಬಂದರು. ಅಪ್ಪಾಜಿ ಹತ್ತಿರ ಇದ್ದ ಫಾರ್ಮುಗಳೆಲ್ಲ ಖಾಲಿ. ಜೆರಾಕ್ಸ್ ಮಾಡಿಸಿ ಸಾಕಾಯಿತು. "ನಾನು ಇಷ್ಟು ವರ್ಷ ಬಡ್ಕೊಂಡೆ, ಒಬ್ಬನೂ ಕೇಳ್ಲಿಲ್ಲ. ಅಪ್ಪು ಒಂದು ಮಾತೂ ಆಡದೆ ಮಾಡಿ ತೋರಿಸಿದ" ಎಂದರು. ಸಹಿ ಹಾಕುವ ಹುಡುಗರಿಗೆಲ್ಲ ಒಂದೇ ಮಾತು. "ಫಾರ್ಮ್ ತುಂಬಿದ್ದು ನಿನ್ನ ಅವ್ವಗೆ ಗೊತ್ತೈತಾ? ಮೊದಲು ಆಕೆಗೆ ಹೇಳು."

ಇನ್ನು ಆ ದಿನದ ವಿಷಯ. ಅಪ್ಪಾಜಿಯ ಹೃದಯ ಸೋತು ಬಹಳ ದಿನ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೆವು. ಬೆಳಗಿನ ಜಾವ ಉಸಿರು ನಿಂತಿತು. ನಾನು ನಾಡಿ ಹುಡುಕುತ್ತ ಕೂತಿದ್ದೆ. ಅಮ್ಮ ಎದ್ದಳು. ಗೋಡೆ ಹತ್ತಿರ ಹೋಗಿ ಫ್ಯಾನ್ ಆರಿಸಿದಳು. ಆಮೇಲೆ ಅತ್ತಳು.

ಬೀರುವಿನ ಬಾಗಿಲ ಒಳಗೆ ಅವರು ಅಂಟಿಸಿದ್ದ ಚೀಟಿಯ ಮೊದಲ ಸಾಲೇ ಅದು. ಗಾಳಿಗೆ ಕಣ್ಣು ಒಣಗುತ್ತೆ, ಒಣಗಿದರೆ ಕಾರ್ನಿಯಾ ಕೆಡುತ್ತೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟೆವು. ತಲೆ ಕೆಳಗೆ ಎರಡು ದಿಂಬು ಕೊಟ್ಟು ಎತ್ತರಿಸಿದೆವು. ಐ ಬ್ಯಾಂಕಿಗೆ ಫೋನ್ ಮಾಡಿದೆ. ಮನೆ ಎಲ್ಲಿ, ವಯಸ್ಸು ಎಷ್ಟು, ಎಷ್ಟು ಹೊತ್ತಿಗೆ ತೀರಿಕೊಂಡರು, ಕಾಯಿಲೆ ಏನು ಎಂದು ಕೇಳಿದರು. ಅಪ್ಪಾಜಿಗೆ ಪೊರೆ ಆಪರೇಷನ್ ಆಗಿತ್ತು. ಅದು ಅಡ್ಡಿಯಲ್ಲ. ಪೊರೆ ಬರೋದು ಒಳಗಿನ ಲೆನ್ಸಿಗೆ, ಇವರು ತೆಗೆಯೋದು ಮುಂದಿನ ಪಾರದರ್ಶಕ ಕಾರ್ನಿಯಾವನ್ನು. ಬಿಪಿ, ಶುಗರ್, ಕನ್ನಡಕ ಯಾವುದೂ ಅಡ್ಡಿಯಲ್ಲ.

ಅದೇ ಹೊತ್ತಿಗೆ ನಮ್ಮ ಮನೆ ಡಾಕ್ಟರು ಬಂದು ನೋಡಿದರು. ಸಾವಿನ ಕಾರಣ ಬರೆದ ಸರ್ಟಿಫಿಕೇಟ್ ಕೊಟ್ಟರು. ಮನೆಯಲ್ಲಿ ತೀರಿಕೊಂಡವರಿಗೆ ಅದು ನಮೂನೆ 4ಎ. ಈ ಒಂದು ಕಾಗದ ಇಲ್ಲದೆ ಮುಂದೆ ಏನೂ ನಡೆಯೋದಿಲ್ಲ, ನೆನಪಿಡಿ. ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಹತ್ತಿರದಲ್ಲೇ ಇದ್ದದ್ದು ನಮ್ಮ ಪುಣ್ಯ.

ಐ ಬ್ಯಾಂಕಿನಿಂದ ಇಬ್ಬರು ಬಂದರು, ಕೈಯಲ್ಲಿ ಒಂದು ಸಣ್ಣ ಐಸ್ ಪೆಟ್ಟಿಗೆ. ಅಮ್ಮನ ಸಹಿ, ಸಾಕ್ಷಿಗಳ ಸಹಿ ತೆಗೆದುಕೊಂಡರು. ಎಚ್‌ಐವಿ, ಕಾಮಾಲೆ ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದರು. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯೂ ಆಗಲಿಲ್ಲ. ಒಳಗೆ ಹೋಗಿ ನೋಡಿದರೆ ಅಪ್ಪಾಜಿ ಮೊದಲಿದ್ದ ಹಾಗೇ ಮಲಗಿದ್ದರು. ಕಣ್ಣುಗುಡ್ಡೆ ಕೀಳುತ್ತಾರೆ, ಮುಖ ವಿಕಾರ ಆಗುತ್ತೆ ಅಂತೆಲ್ಲ ಹೆದರುವವರು ಇದ್ದಾರೆ. ಇವರು ತೆಗೆದದ್ದು ಕಾರ್ನಿಯಾ ಮಾತ್ರ. ಅದರ ಜಾಗದಲ್ಲಿ ಒಂದು ತೆಳು ಪ್ಲಾಸ್ಟಿಕ್ ಹೊದಿಕೆ ಇಟ್ಟು ರೆಪ್ಪೆ ಮುಚ್ಚಿದ್ದರು. ಯಾರಿಗೆ ಹಾಕುತ್ತಾರೆ ಎಂದು ಹೇಳುವುದಿಲ್ಲ, ಕೇಳಲೂಬಾರದು.

ಕಷ್ಟ ಆಗಿದ್ದು ಬೆಳಕು ಹರಿದ ಮೇಲೆ, ನೆಂಟರು ಬರಲು ಶುರುವಾದಾಗ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅತ್ತೆ, ಅಂದರೆ ಅಪ್ಪಾಜಿಯ ತಂಗಿ, ಬಾಗಿಲಲ್ಲೇ ಕೂತು ಅಳುತ್ತ "ನಮ್ಮಣ್ಣನ್ನ ಮಣ್ಣು ಮಾಡಂಗಿಲ್ಲ ಅಂದ್ರೆ ಹೆಂಗವ್ವಾ? ದಿಕ್ಕಿಲ್ಲದೋರ ಹಂಗೆ ಆಸ್ಪತ್ರೆಗೆ ಕೊಡ್ತೀರೇನು?" ಎಂದರು. ದೊಡ್ಡಪ್ಪನ ಮಕ್ಕಳೂ ದನಿಗೂಡಿಸಿದರು. ಊರ ಹೊಲದಲ್ಲಿ ಜಾಗ ಇದೆ, ಗದ್ದುಗೆ ಕಟ್ಟಿಸೋಣ ಅಂತ. ಅವರನ್ನು ನಾನು ದೂರುವುದಿಲ್ಲ. ಕೈಯಾರೆ ಒಂದು ಹಿಡಿ ಮಣ್ಣು ಹಾಕದೆ ಹೋದರೆ ಸತ್ತವರು ಸತ್ತ ಹಾಗೇ ಅನಿಸುವುದಿಲ್ಲ. ಆ ಸಂಕಟ ನನಗೂ ಇತ್ತು.

ಅಮ್ಮ ಜಾಸ್ತಿ ಮಾತಾಡುವವಳಲ್ಲ. "ಅವರು ಹೇಳಿದ್ದು ನೀನೂ ಕೇಳೀಯಲ್ಲವ್ವಾ. ನಿನ್ನ ಮಗನ ಮದುವ್ಯಾಗೇ ಹೇಳಿದ್ರಲ್ಲ" ಎಂದಳು. ಅತ್ತೆ ಅಳುವಿನ ನಡುವೆಯೇ ನಕ್ಕುಬಿಟ್ಟರು. ಆ ಮದುವೆಯಲ್ಲಿ ಅಪ್ಪಾಜಿ ಬೀಗರಿಗೂ ಫಾರ್ಮ್ ಹಂಚಿದ್ದರು.

ಅಯ್ಯನವರು ಬಂದರು. ವಿಭೂತಿ ಹಚ್ಚಿ, ಪೂಜೆ ಮಾಡಿ, ಮಾಡಬೇಕಾದ್ದನ್ನೆಲ್ಲ ಮನೆಯಲ್ಲೇ ಮಾಡಿದರು. ಹೂಳುವಾಗ ಲಿಂಗ ಕೈಯಲ್ಲಿಟ್ಟು ಕಳಿಸುವುದು ರೂಢಿ. ಇಲ್ಲಿ ಏನು ಮಾಡೋದು? ಅಮ್ಮ ಲಿಂಗವಿದ್ದ ಕರಡಿಗೆಯನ್ನು ಅಯ್ಯನವರ ಕೈಗೆ ಒಪ್ಪಿಸಿದಳು. ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಬಂದವರಿಗೆ ಅಷ್ಟು ಸಾಕಾಯಿತು, ಗದ್ದುಗೆಯ ಮಾತು ಮತ್ತೆ ಬರಲಿಲ್ಲ.

ತಮ್ಮ ಪುಣೆಯಿಂದ ಕಾರಿನಲ್ಲಿ ಬರಬೇಕಿತ್ತು. ಮಧ್ಯಾಹ್ನ ಕಳೆಯುತ್ತೆ. ಕಾಲೇಜಿನ ಅನಾಟಮಿ ವಿಭಾಗಕ್ಕೆ ಫೋನ್ ಮಾಡಿದೆ. ದೇಹದಾನದ ನೋಂದಣಿ ಕಾರ್ಡಿನಲ್ಲಿ ಅಚ್ಚಾಗಿದ್ದದ್ದು ಹಳೇ ಲ್ಯಾಂಡ್‌ಲೈನ್. ಅದರ ಕೆಳಗೆ ಅಪ್ಪಾಜಿ ಪೆನ್ಸಿಲ್ಲಿನಲ್ಲಿ ಹೊಸ ಮೊಬೈಲ್ ನಂಬರ್ ಬರೆದಿದ್ದರು. ಅತ್ತ ಕಡೆಯ ಮೇಡಂ ಮೊದಲು ಕೇಳಿದ್ದು, ಪೋಸ್ಟ್‌ಮಾರ್ಟಂ ಆಗಿದೆಯಾ ಅಂತ. ಆಗಿದ್ದರೆ ತೆಗೆದುಕೊಳ್ಳುವುದಿಲ್ಲ. ಎಚ್‌ಐವಿ, ಹೆಪಟೈಟಿಸ್‌ನಂಥ ಅಂಟುರೋಗ ಇದ್ದರೂ ಇಲ್ಲ. ಕಣ್ಣು ಕೊಟ್ಟಿದ್ದರೆ ತೊಂದರೆ ಇಲ್ಲ. ಮಗ ಬರುವವರೆಗೆ ಫ್ರೀಜರ್ ಬಾಕ್ಸಿನಲ್ಲಿಡಿ, ಸಂಜೆಯೊಳಗೆ ತನ್ನಿ ಎಂದರು. ಬಾಕ್ಸ್ ಬಾಡಿಗೆಗೆ ಕೊಡುವವನು ಸಂದರ್ಭ ನೋಡಿ ದುಪ್ಪಟ್ಟು ಕೇಳಿದ. ಚೌಕಾಸಿ ಮಾಡುವ ಮನಸ್ಸು ಯಾರಿಗಿರುತ್ತೆ?

ಕಾಲೇಜಿಗೆ ಒಯ್ದ ಕಾಗದಗಳು ಇವು: ಡಾಕ್ಟರ ಸರ್ಟಿಫಿಕೇಟ್, ಅಪ್ಪಾಜಿಯ ಆಧಾರ್ ಮತ್ತು ಫೋಟೋ, ನೋಂದಣಿ ಕಾರ್ಡ್, ಅಮ್ಮನ ಮತ್ತು ನಮ್ಮಿಬ್ಬರ ಆಧಾರ್, ಒಪ್ಪಿಗೆ ಪತ್ರ. ಒಪ್ಪಿಗೆ ಪತ್ರದ ಕರಡನ್ನೂ ಅಪ್ಪಾಜಿ ಬರೆದಿಟ್ಟಿದ್ದರು. ತಾರೀಖಿನ ಜಾಗ ಮಾತ್ರ ಖಾಲಿ.

ಅಲ್ಲಿನ ಮೇಡಂ ನಮ್ಮನ್ನು ಕೂರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ತೊಡೆಯ ಅಥವಾ ಕುತ್ತಿಗೆಯ ರಕ್ತನಾಳದ ಮೂಲಕ ಫಾರ್ಮಲಿನ್ ಸೇರಿದ ದ್ರವ ಹಾಯಿಸುತ್ತಾರಂತೆ. ಅದು ಮೈಯೆಲ್ಲ ಹರಡಿ ದೇಹ ಕೆಡದಂತೆ ಉಳಿಯುತ್ತೆ. ಹೆಸರು ಇರುವುದಿಲ್ಲ, ಒಂದು ನಂಬರ್ ಇರುತ್ತೆ. ಮೊದಲ ವರ್ಷದ ಎಂಬಿಬಿಎಸ್ ಹುಡುಗರು ದೇಹ ಮುಟ್ಟುವ ಮೊದಲು ಅದಕ್ಕೆ ಗೌರವ ಕೊಡುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರೆ. ತಮ್ಮ ಇದನ್ನೆಲ್ಲ ಕೇಳುತ್ತ ಅಪ್ಪಾಜಿಯ ಪಾದ ಹಿಡಿದುಕೊಂಡೇ ನಿಂತಿದ್ದ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅಟೆಂಡರು "ಸ್ವಾಮಿ, ಸ್ಟ್ರೆಚರ್ ತಗೊಳ್ಳೋಣವಾ?" ಎಂದು ಮೆಲ್ಲಗೆ ಕೇಳಿದರು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಮರಣ ನೋಂದಣಿಗೆ ಹೋದಾಗ ಸ್ಮಶಾನದ ರಸೀದಿ ಕೇಳುತ್ತಾರೆ. ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಅದರ ಬದಲು ದೇಹ ಪಡೆದುಕೊಂಡಿದ್ದಕ್ಕೆ ಅನಾಟಮಿ ವಿಭಾಗ ಕೊಟ್ಟ ಪತ್ರ ಕೊಟ್ಟೆವು, ಕೆಲಸ ಆಯಿತು. ಆ ಪತ್ರದ ಮೂಲ ಪ್ರತಿ ಜೋಪಾನ. 21 ದಿನದೊಳಗೆ ಹೋದರೆ ನೋಂದಣಿಗೆ ಶುಲ್ಕ ಇಲ್ಲ.

ಶಿವಗಣಾರಾಧನೆ ಮುಗಿದ ಮೇಲೆ ಅಪ್ಪಾಜಿಯ ಫೈಲು ತೆಗೆದು ಕೂತೆವು. ನನ್ನ ಕಣ್ಣಿನ ಕಾರ್ಡ್, ತಮ್ಮನದು, ನನ್ನ ಗಂಡನದು ಎಲ್ಲ ಇತ್ತು. ಅಮ್ಮನ ಹೆಸರಿನದು ಒಂದೂ ಇಲ್ಲ. ಊರಿಗೆಲ್ಲ ಫಾರ್ಮ್ ಹಂಚಿದ ಮನುಷ್ಯ, ಪಕ್ಕದಲ್ಲೇ ಇದ್ದವಳನ್ನು ಬಿಟ್ಟಿದ್ದೇಕೆ? ಅಮ್ಮನನ್ನೇ ಕೇಳಿದೆ.

"ಒಂದ್ಸಲ ಕೇಳಿದ್ರು. ಕಣ್ಣು ಬೇಕಾದ್ರೆ ತಗೊಳ್ರಿ, ಮೈ ಕೊಡಂಗಿಲ್ಲ, ನಮ್ಮವ್ವನ ಪಕ್ಕ ಮಣ್ಣು ಮಾಡ್ರಿ ಅಂದೆ. ಆತು ಬಿಡು ಅಂದ್ರು. ಮತ್ತೆ ಆ ಸುದ್ದಿ ಎತ್ತಲಿಲ್ಲ."

ಬೇರೆಯವರಿಗಾಗಿದ್ದರೆ ಹತ್ತು ಸಲ ಕೇಳುತ್ತಿದ್ದರು, ಹಬ್ಬಕ್ಕೊಮ್ಮೆ ನೆನಪು ಮಾಡುತ್ತಿದ್ದರು. "ಕಣ್ಣಿಗೆ ಹೂಂ ಅಂದಿದ್ಯಲ್ಲ, ಅದರ ಫಾರ್ಮಾದ್ರೂ ಯಾಕೆ ತುಂಬಲಿಲ್ಲ?" ಎಂದೆ. "ಅವರಿಗಿಂತ ಮೊದಲು ನಾನು ಹೋಗ್ತೀನಿ ಅನ್ನೋ ಮಾತೇ ಅವರಿಗೆ ಸೇರ್ತಿರಲಿಲ್ಲ" ಎಂದಳು.

ಅವತ್ತೇ ಅಮ್ಮನ ಫಾರ್ಮ್ ತುಂಬಿದೆವು, ಕಣ್ಣಿಗೆ ಮಾತ್ರ. ತಮ್ಮ ಸಾಕ್ಷಿ ಹಾಕಿದ. ಹಳೇ ಚೀಟಿಯ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿದೆ. ಅದರಲ್ಲಿ ಹೊಲದ ಸರ್ವೆ ನಂಬರ್ ಬರೆಸಿದ್ದು ಅಮ್ಮನೇ.